ಸಾಯಬಣ್ಣನ ಬೇಸ್ ಡಬ್ಬಿ

ಗಾಡಿಯವನ ಗುಣ ಅವನ ಮುಖದಲ್ಲಿ ಹುಡುಕಿದರೆ ಸಿಗುವುದಿಲ್ಲ, ಸೀಟಿನಲ್ಲಿ ಸಿಗುತ್ತದೆ. ನಾನು ಕಲಬುರಗಿಯ ಸೇಡಂ ರಸ್ತೆಯಲ್ಲಿ ಜೀಪು, ಲಾರಿ, ಟೆಂಪೊಗಳ ಸೀಟು ಹೊಲಿದು ಹೊಲಿದು ತಲೆ ಬೆಳ್ಳಗೆ ಮಾಡಿಕೊಂಡವನು. ಅಕ್ಷರ ಕಲಿತದ್ದು ಕೂಡ ಅಂಗಡಿಗೆ ಬರುತ್ತಿದ್ದ ರದ್ದಿ ಪೇಪರಿನಿಂದಲೇ. ಯಾವ ಮಾಸ್ತರನ ಋಣವೂ ನನ್ನ ಮೇಲಿಲ್ಲ. ಸಿಟ್ಟಿನವನ ಸೀಟು ಮುಂದಿನ ಅಂಚಿನಲ್ಲಿ ಹರಿದಿರುತ್ತದೆ. ಮೈಗಳ್ಳನದು ಬೆನ್ನಿನ ಕಡೆ ಕುಸಿದಿರುತ್ತದೆ. ಕಮಲಾಪುರದ ಸಾಯಬಣ್ಣನ ಪಿಕಪ್ಪಿನ ಸೀಟು ಮೊದಲ ಸಲ ನನ್ನ ಕೈಗೆ ಬಂದಾಗ ಸ್ಟೇರಿಂಗಿನ ಕಡೆಯ ಅರ್ಧ ತುಳಿದ ಕಣದಂತೆ ಗಟ್ಟಿಯಾಗಿತ್ತು. ಉಳಿದ ಅರ್ಧ ಮದುವೆಮನೆಯ ಗಾದಿಯಂತೆ ಉಬ್ಬಿಕೊಂಡೇ ಇತ್ತು. ಆ ಜಾಗದಲ್ಲಿ ಯಾರೂ ಕೂತಿರಲಿಲ್ಲ.

"ಏನಪ್ಪಾ, ಕ್ಲೀನರ್ ಇಲ್ಲೇನು ನಿನಗ?" ಎಂದೆ.

"ಇಲ್ರಿ ಕಾಕಾ. ಒಬ್ಬನೇ ಅಡ್ಡಾಡತೀನಿ."

"ದಾರ್ಯಾಗ ಕೈ ಮಾಡವ್ರು ಇರ್ತಾರಲ್ಲ, ಅವ್ರನ್ನರ ಕೂಡಿಸಿಕೊಳ್ಳಬಾರ್ದಾ? ನಾಕ್ ಮಾತು ಆಗ್ತಾವ."

"ಹಿಂದ ಹತ್ರಿ ಅಂತೀನ್ರಿ. ಬಾಳಿಗೊನಿ ಸಂಗಾಟ ಕುಂದರ್ತಾರ. ಬಾಳಿಗೊನಿ ಬೇಕಾದಷ್ಟು ಮಾತ ಕೇಳತಾವ, ತಿರುಗಿ ಆಡಂಗಿಲ್ಲ."

ಹೀಗೆ ಒಣ ಮಾತಾಡಿ ತಾನು ಮಾತ್ರ ನಗದೆ ನಿಲ್ಲುವ ಮನುಷ್ಯ. ಎತ್ತರದ ಆಳು, ಕಾಲು ಉದ್ದ, ಕುತ್ತಿಗೆಗೆ ಸದಾ ಒಂದು ಟವೆಲ್ಲು. ಕಮಲಾಪುರದ ಕೆಂಪು ಬಾಳೆಯನ್ನು ತೋಟದಿಂದ ಎತ್ತಿ, ಒಣ ಎಲೆಯ ಮೇಲೆ ಮಲಗಿಸಿ, ಬೆಳಗಾಗುವುದರೊಳಗೆ ಕಲಬುರಗಿ ಬಜಾರಿಗೆ ಮುಟ್ಟಿಸುವುದು ಅವನ ಕೆಲಸ. ಕೆಂಪು ಬಾಳೆ ಬಲು ನಾಜೂಕು. ಒಂದು ತಗ್ಗಿನಲ್ಲಿ ಜೋರಾಗಿ ಇಳಿಸಿದರೆ ಸಿಪ್ಪೆಯ ಮೇಲೆ ಕಪ್ಪು ಕಲೆ ಬೀಳುತ್ತದೆ, ಬಜಾರಿನವರು ಮೂಗು ಮುರಿಯುತ್ತಾರೆ. ಅದಕ್ಕೇ ಅವನು ಗಾಡಿಯನ್ನು ಬಸುರಿ ಹೆಂಗಸನ್ನು ನಡೆಸಿಕೊಂಡು ಬರುವವನಂತೆ ಮೆಲ್ಲಗೆ ತರುತ್ತಿದ್ದ. ಈ ಮಾತನ್ನು ನಾನು ಒಮ್ಮೆ ಅವನೆದುರಿಗೇ ಆಡಿಬಿಟ್ಟೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದ. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ನನ್ನ ಅಂಗಡಿಗೆ ಗೋಡೆ ಹಂಚಿಕೊಂಡು ಶಬ್ಬೀರನ ಅಂಗಡಿ. ಗಾಡಿಗಳಿಗೆ ಟೇಪು, ಸ್ಪೀಕರು ಕೂಡಿಸುವವನು. ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಅದಕ್ಕಿಂತ ಗಟ್ಟಿಗ. ಎರಡು ಸಾವಿರದ ಒಂದೋ ಎರಡೋ ಇಸವಿ ಇರಬೇಕು, ಆಗ ಹೊಸದಾಗಿ ಗಾಡಿಯೊಳಗೆ ದೊಡ್ಡ ಸ್ಪೀಕರಿನ ಡಬ್ಬಿ ಕೂಡಿಸುವ ಹುಚ್ಚು ಕಲಬುರಗಿಗೂ ಬಂದಿತ್ತು. ಸಬ್‌ವೂಫರ್ ಅಂತ ಅದರ ಹೆಸರು. ಶಬ್ಬೀರ್ ಮಾತ್ರ ಅದನ್ನೂ ಅದರ ಢಬ್ ಢಬ್ ಸದ್ದನ್ನೂ ಬೇಸ್ ಎಂದೇ ಕರೆಯುತ್ತಿದ್ದ. ಎರಡು ಜೀಪಿಗೆ ಕೂಡಿಸಿ, ಊರೆಲ್ಲ ತನ್ನ ಕಡೆಗೇ ಓಡಿ ಬರುತ್ತದೆಂದು ಕಾಯುತ್ತಾ ಕೂತಿದ್ದ.

ಸಾಯಬಣ್ಣ ಬಂದದ್ದು ಅಂಥ ಹೊತ್ತಿನಲ್ಲಿ. ಬಾಳೆ ಇಳಿಸಿ ಖಾಲಿ ಗಾಡಿ ತಂದು ನಿಲ್ಲಿಸಿದ.

"ಶಬ್ಬೀರ್ ಭಾಯ್, ಈ ಟೇಪ ಸಾಕಾತು ನೋಡ್ರಿ. ಇಂಜಿನ್ ಚಾಲೂ ಆದ್ರ ಒಂದ ಅಕ್ಷರ ತಿಳಿಯಂಗಿಲ್ಲ. ನನಗ ಆವಾಜ ಬೇಸ್ ಬರಬೇಕು."

ಶಬ್ಬೀರನ ಕಣ್ಣು ಅರಳಿದವು. "ಬೇಸ್ ಬೇಕಾ?"

"ಹೂಂನ್ರಿ. ಬೇಸ್ ಬರಬೇಕು. ಮತ್ತೇನ ಬ್ಯಾಡ."

"ಸಾಯಬಣ್ಣ ಭಾಯ್, ಸಹೀ ಅಂಗಡಿಗಿ ಬಂದೀರಿ. ಇಂಥಾ ಬೇಸ್ ಕೊಡ್ತೀನಿ, ಗಾಡಿ ಮಹಾಗಾಂವ ದಾಟಿದಾಗ ಕಮಲಾಪುರದಾಗ ನಿಮ್ಮ ಮನ್ಯಾಗ ಗೊತ್ತಾಗಬೇಕು."

"ಮನ್ಯಾಗ ಗೊತ್ತಾಗೂದು ಬ್ಯಾಡ್ರಿ. ನನಗ ಕೇಳಿದ್ರ ಸಾಕು."

ಶಬ್ಬೀರ್ ಅದನ್ನು ಜೋಕು ಎಂದು ತಿಳಿದು ಅವನ ಬೆನ್ನಿಗೆ ಹೊಡೆದ. ನಾನೂ ಸೂಜಿ ಹಿಡಿದು ಕೂತಲ್ಲೇ ನಕ್ಕೆ. ನಮ್ಮ ಕಡೆ ಬೇಸ್ ಅಂದರೆ ಛಲೋ ಅಂತ. ಊಟ ಬೇಸ್ ಅದ, ಮಳಿ ಬೇಸ್ ಆತು, ಕೂಸು ಬೇಸ್ ಅದ ಎನ್ನುವುದು ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಆ ಹೊತ್ತಿಗೆ ಶಬ್ಬೀರನ ತಲೆಯೊಳಗೆ ಆ ಶಬ್ದಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲ. ಅವನು ಹೇಳಿದ್ದೊಂದು, ಇವನು ಕೇಳಿದ್ದೊಂದು. ನಡುವೆ ಕೂತ ನನಗೂ ಹೊಳೆಯಲಿಲ್ಲ.

ಗಾಡಿ ಬಿಟ್ಟು ಹೋದ. ಶಬ್ಬೀರ್ ಕೆಲಸಕ್ಕೆ ಕೈ ಹಚ್ಚಿದ. ಪಿಕಪ್ಪಿನಲ್ಲಿ ಸೀಟಿನ ಹಿಂದೆ ಒಂದು ಗೇಣು ಸಂದು ಇರುತ್ತದೆ. ಸಾಯಬಣ್ಣ ಅಲ್ಲಿ ಹಗ್ಗ, ತಾಡಪತ್ರಿ ತುರುಕಿಟ್ಟಿದ್ದ. ಅದನ್ನೆಲ್ಲ ಹೊರಗೆಳೆದು, ಅಳತೆ ತೆಗೆದು, ದಪ್ಪ ಪ್ಲೈವುಡ್ಡಿನಲ್ಲಿ ಮೇಲೆ ಸಣ್ಣ, ಕೆಳಗೆ ದಪ್ಪ ಬರುವಂತೆ ಒಂದು ಡಬ್ಬಿ ಕೊಯ್ದ. ಸಂದುಗಳಿಗೆ ಮರದ ಹೊಟ್ಟು, ಫೆವಿಕಾಲು ಕಲಸಿ ಮೆತ್ತಿದ. ಒಣಗಿದ ಮೇಲೆ ಊದಿನಕಡ್ಡಿ ಹಚ್ಚಿ ಒಂದೊಂದು ಸಂದಿಗೂ ಹಿಡಿದು, ಒಳಗಿನ ಸ್ಪೀಕರನ್ನು ಬೆರಳಿನಿಂದ ಒತ್ತಿ ನೋಡಿದ. ಗಾಳಿ ಸೋರುವ ಕಡೆ ಹೊಗೆ ಅಲುಗಾಡುತ್ತದೆ. ಎಲ್ಲೂ ಅಲುಗದೆ ಹೊಗೆ ನೆಟ್ಟಗೆ ಏರಿದಾಗ ಅವನು, "ದೇಖೋ ಕಾಕಾ, ಮಗ್ಗಲ ಮನಿ ಮುದುಕಿ ರೊಕ್ಕದ ಡಬ್ಬಿಗಿಂತ ಗಟ್ಟಿ ಮುಚ್ಚೇನಿ" ಎಂದ.

"ಯಾವ ಮುದುಕಿನೋ?"

"ನಿಮ್ಮ ಮನ್ಯಾಕಿ ಅಲ್ರಿ, ಅಂಜಬ್ಯಾಡ್ರಿ."

ಬ್ಯಾಟರಿಯಿಂದ ದಪ್ಪ ತಂತಿ ಎಳೆದು ನಡುವೆ ಫ್ಯೂಜು ಕೂಡಿಸಿದ. ಸೀಟಿನಡಿ ಆಂಪ್ಲಿಫೈಯರು ಬಿಗಿದ. ಹೊಸ ಟೇಪು ಹಾಕಿದ. ಡಬ್ಬಿ ಕೂತ ಮೇಲೆ ಸೀಟು ಮುಂದೆ ಬರಲೇಬೇಕಾಯಿತು. ಬೆನ್ನಿನ ಕಡೆಯ ಸ್ಪಂಜು ಕೆತ್ತಿ ತೆಳ್ಳಗೆ ಮಾಡಿ ಮತ್ತೆ ಹೊಲಿದುಕೊಟ್ಟವನು ನಾನೇ. ಆದರೂ ಸಾಯಬಣ್ಣ ಬಂದು ಹತ್ತಿ ಕೂತಾಗ ಅವನ ಮೊಣಕಾಲು ಸ್ಟೇರಿಂಗಿಗೆ ಬಡಿದವು.

"ಇದೇನ್ರಿ, ಕುಕ್ಕರಗಾಲಿಲೆ ಗಾಡಿ ಹೊಡೀಲೇನು?"

"ಕಾಲ ಮರೀರಿ, ಕಿವಿ ತೆರೀರಿ," ಎಂದು ಶಬ್ಬೀರ್ ತನ್ನ ಡೋಲಕ್ಕಿನ ಕ್ಯಾಸೆಟ್ಟು ಹಾಕಿದ.

ಎದೆಯ ಮೇಲೆ ಯಾರೋ ಒನಕೆ ಹಾಕಿದಂತಾಯಿತು. ಎದುರಿನ ಚಹಾದಂಗಡಿಯ ಗ್ಲಾಸುಗಳು ತಟ್ಟೆಯಲ್ಲಿ ಕುಣಿದವು. ಚಹಾದಂಗಡಿಯ ಇನಾಯತ್ ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಏ ಶಬ್ಬೀರ್, ಹಾಲ ಒಡದ್ರ ನಿನ್ನ ಹೆಸರಿಗಿ ಬರೀತೀನಿ!" ಎಂದು ಕೂಗಿದ. ದಾರಿಯವರು ನಿಂತು ನೋಡಿದರು. ಶಬ್ಬೀರನ ಮುಖ ಹಬ್ಬದ ಚಂದ್ರನನ್ನು ಕಂಡವನಂತೆ ಆಗಿತ್ತು.

ಸಾಯಬಣ್ಣನ ಮುಖ ಮಾತ್ರ ಬೆಳಗಲಿಲ್ಲ. ಸೀಟಿನ ಪಕ್ಕದಲ್ಲಿ ಕರವಸ್ತ್ರದ ಒಂದು ಗಂಟು ಇತ್ತು. ಅದನ್ನು ಬಿಚ್ಚಿ ಒಂದು ಹಳೆಯ ಕ್ಯಾಸೆಟ್ಟು ತೆಗೆದು ಕೊಟ್ಟ. "ಇದನ್ನ ಹಾಕ್ರಿ."

ಹಾಕಿದರೆ ಹೆಂಗಸರ ಹಾಡು. ವಾದ್ಯವಿಲ್ಲ, ಬರೀ ಚಪ್ಪಾಳೆ. ಆ ಚಪ್ಪಾಳೆ ಹೊಸ ಡಬ್ಬಿಯಿಂದ ಹೊರಟು ಸಿಡಿಲಿನಂತೆ ಬಿತ್ತು. ಹಿಂದಿನಿಂದ ಗುಂಯ್ ಎಂಬ ಒಂದು ಗುಂಗು ಎದ್ದು ಹಾಡನ್ನೆಲ್ಲ ನುಂಗಿತು. ಧ್ವನಿ ಎಲ್ಲೋ ಬಾವಿಯ ತಳದಲ್ಲಿ ಇದ್ದಂತೆ ಇತ್ತು.

"ಮೊದಲ ಏನರ ಕೇಳತಿತ್ತು, ಈಗ ಅದೂ ಹೋತು," ಎಂದ ಸಾಯಬಣ್ಣ. "ಬೇಸ್ ಬರಬೇಕು ಅಂತ ಬಡಕೊಂಡೆನಲ್ರಿ."

"ಇದಕ್ಕಿಂತ ಬೇಸ್ ಬೇಕಾ? ಗಾಡಿ ಬಿಚ್ಚಿ ಬೀಳ್ತದ!"

"ಬೇಸ್ ಅಂದ್ರ ಛಲೋ ಅಂದೆ ಮಾರಾಯಾ! ಛಲೋ ಕೇಳಬೇಕು ಅಂದೆ. ಈ ಢಬ್ ಢಬ್ ಯಾರ ಕೇಳಿದ್ರು?"

ಇನಾಯತ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಶಬ್ಬೀರ್ ತನ್ನ ಹಣೆಗೆ ತಾನೇ ಹೊಡೆದುಕೊಂಡು ನಕ್ಕ. ಸಾಯಬಣ್ಣ ಸ್ಟೇರಿಂಗಿನ ಹಿಂದೆ ಮೊಣಕಾಲು ಮಡಚಿಕೊಂಡು ಕೂತೇ ಇದ್ದ.

"ಯಾರ ಹಾಡ ಇದು?" ಎಂದ ಶಬ್ಬೀರ್, ನಗು ಇನ್ನೂ ಬಾಯಲ್ಲಿ ಇರುವಾಗಲೇ.

"ನಮ್ಮ ಮನ್ಯಾಕಿದು."

"ಅಯ್ಯ, ಅಷ್ಟಕ್ಕ ಇಷ್ಟ ಯಾಕ ತ್ರಾಸ? ಭಾಭೀನ ಕರಕೊಂಡ ಬರ್ರಿ, ಮೈಕ್ ಹಿಡದು ಹೊಸಾ ಕ್ಯಾಸೆಟ್ಟಿನಾಗ ತುಂಬಿಸಿ ಕೊಡ್ತೀನಿ."

"ಆಕಿ ಇಲ್ರಿ," ಎಂದ ಸಾಯಬಣ್ಣ.

ಶಬ್ಬೀರ್ ಟೇಪು ಬಂದ್ ಮಾಡಿದ. ಇನಾಯತ್ ಹಿಂದೆ ಸರಿದು ತನ್ನ ಒಲೆಯ ಕಡೆ ಹೋದ.

ಆ ದಿನ ಸಾಯಬಣ್ಣ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ತುಂಡು ತುಂಡಾಗಿ ಹೇಳಿದ್ದಿಷ್ಟು. ಮೊದಲ ಹೆಂಡತಿ ಜಯದೇವಿ ಶರಣಸಿರಸಗಿಯವಳು. ಮದುವೆಯಾಗಿ ವರ್ಷ ತುಂಬಿತ್ತೋ ಇಲ್ಲವೋ, ಬಸುರಾದಳು. ತವರಿನಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹೆಂಗಸರೆಲ್ಲ ಕೂಡಿ ಹಾಡಿದರು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ. ಸಾಯಬಣ್ಣ ಆ ದಿನ ಹೈದರಾಬಾದಿಗೆ ಲೋಡು ಹೊತ್ತು ಹೋಗಿದ್ದ. ಬಾಣಂತನಕ್ಕೆಂದು ಅಲ್ಲೇ ಉಳಿದವಳು ತಿರುಗಿ ಬರಲಿಲ್ಲ. ಕೂಸೂ ಉಳಿಯಲಿಲ್ಲ. ಮುಂದೆ ಹಿರಿಯರು ಬಿಡಲಿಲ್ಲ, ಶಿವಕಾಂತಮ್ಮನನ್ನು ತಂದು ಕಟ್ಟಿದರು. ಎರಡು ಮಕ್ಕಳಾದವು. ಅದೆಲ್ಲ ಆಗಿ ವರ್ಷಗಳು ಹೋದ ಮೇಲೆ ಜಯದೇವಿಯ ತಮ್ಮ ನಾಗಣ್ಣ ಟ್ರಂಕು ಹಸನು ಮಾಡುವಾಗ ಈ ಕ್ಯಾಸೆಟ್ಟು ಸಿಕ್ಕಿತೆಂದು ತಂದುಕೊಟ್ಟ. "ಮಾಮಾ, ಕುಬಸದ ದಿನದ್ದು. ಇದರಾಗ ಅಕ್ಕನ ಆವಾಜ ಅದ," ಎಂದಷ್ಟೇ ಹೇಳಿದ.

"ಆಕಿ ನನ್ನ ಮುಂದ ಎಂದೂ ಹಾಡಿದಾಕಿ ಅಲ್ರಿ ಕಾಕಾ," ಎಂದ ಸಾಯಬಣ್ಣ. "ಮಾತ ಆಡಿದ್ರ ಮಗ್ಗಲದವ್ರಿಗಿ ಕೇಳತಿದ್ದಿಲ್ಲ. ಇದರಾಗ ನೋಡಿದ್ರ ಏನ ಹಾಡ್ಯಾಳ ಅಂತೀರಿ! ನನಗ ಗೊತ್ತೇ ಇದ್ದಿಲ್ಲ. ಇಂಥಾ ಹಾಡ ಹೊಟ್ಟ್ಯಾಗ ಇಟ್ಟಕೊಂಡು ನನ್ನ ಮನ್ಯಾಗ ಸುಮ್ಮ ಅಡ್ಡಾಡಿದ್ಲಲ್ಲ."

"ಮನ್ಯಾಗ ಹಾಕಿ ಕೇಳಬಾರ್ದಾ?"

"ಶಿವಕಾಂತಮ್ಮ ಬೈಯೂಕಿ ಆಗಿದ್ರ ಹಾಕ್ತಿದ್ದೆ. ಆಕಿ ಏನೂ ಅನ್ನಂಗಿಲ್ಲ. ಅದಕ ಹಾಕಾಕ ಬರಂಗಿಲ್ಲ."

ಸೀಟಿನ ಆ ಉಬ್ಬಿದ ಅರ್ಧ ಯಾರಿಗಾಗಿ ಎಂದು ಆಗ ಗೊತ್ತಾಯಿತು. ಕರವಸ್ತ್ರದ ಆ ಗಂಟು ಅಲ್ಲಿ ಕೂತು ಬರುತ್ತಿತ್ತು.

ಶಬ್ಬೀರ್ ಮರುದಿನ ಬೇರೆ ಎಲ್ಲ ಕೆಲಸ ಬದಿಗಿಟ್ಟ. ಜೋಕು ಮಾಡಿ ಸಿಕ್ಕಿಬಿದ್ದವನ ಮೈಯಲ್ಲಿ ಒಂದು ಬೇರೆ ಹುರುಪು ಬರುತ್ತದೆ. ಡಬ್ಬಿಯ ತಂತಿ ಬಿಚ್ಚಿ ಮೌನ ಮಾಡಿದ. ಬಾಗಿಲುಗಳಿಗೆ ಎರಡು ಸಣ್ಣ ಸ್ಪೀಕರು ಕೂಡಿಸಿದ. ಟೇಪಿನ ಬಾಯೊಳಗೆ ಹತ್ತಿ, ಸ್ಪಿರಿಟ್ಟು ಹಾಕಿ ಒರೆಸಿದರೆ ಹತ್ತಿ ಬೆಳ್ಳಗೇ ಬಂತು. ಟೇಪು ಹೊಸದಲ್ಲವೇ. "ಟೇಪ ಸಾಫ್ ಅದ. ಕ್ಯಾಸೆಟ್ಟು ತುಂಬಿದ ಮಶಿನಿನ ಹೆಡ್ಡು ಸ್ವಲ್ಪ ಓರಿ ಕುಂತಿರಬೇಕು," ಎಂದು ತನ್ನಷ್ಟಕ್ಕೆ ಗೊಣಗಿ, ಕ್ಯಾಸೆಟ್ಟಿನ ಪಟ್ಟಿ ಉಜ್ಜಿ ಹೋಗುವ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಅದಕ್ಕೆ ಹೊಂದುವಂತೆ ಕೂದಲೆಳೆಯಷ್ಟು ತಿರುವಿದ. ಮುಚ್ಚಿದ ಬಾಯಿ ತೆರೆದಂತೆ ಧ್ವನಿ ಹೊರಗೆ ಬಂತು.

"ಬರ್ರಿ ಸಾಯಬಣ್ಣ ಭಾಯ್. ಇಂಜಿನ್ ಚಾಲೂ ಮಾಡ್ರಿ. ನಿಮ್ಮ ಕಡೀ ಕಿಟಕಿ ಗಾಜ ಏರಿಸ್ರಿ. ಕಾಕಾ, ನೀವೂ ಹತ್ರಿ, ನಿಮ್ಮ ಕಿವಿನೂ ಸಾಕ್ಷಿ ಇರಲಿ."

ನಾನು ಬಾಗಿಲು ತೆರೆದು ನಿಂತೆ. ಸಾಯಬಣ್ಣ ಒಂದು ಚಣ ತಡೆದು, ಕರವಸ್ತ್ರವನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ನಾನು ಕೂತೆ. ಶಬ್ಬೀರ್ ನನ್ನ ಕಡೆಯ ಕಿಟಕಿಯ ಸಂದಿನಲ್ಲಿ ತಲೆ ತೂರಿಸಿದ.

ಇಂಜಿನ್ನಿನ ಸದ್ದಿನ ಮೇಲೆ ಹಾಡು ತೇಲಿ ಬಂತು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಬಳೆಯ ಸದ್ದು, ಯಾವುದೋ ಕೂಸು ಕೆಮ್ಮಿದ್ದು, ತಟ್ಟೆ ಇಟ್ಟದ್ದು ಎಲ್ಲ ಕೇಳಿತು. ಹಾಡುವ ಹೆಂಗಸಿನ ದನಿ ತುಂಬಿದ ಕೊಡದಂತೆ ಇತ್ತು. ಸಾಯಬಣ್ಣ ಕಣ್ಣು ಮುಚ್ಚಿಕೊಂಡ. "ಬೇಸ್ ಬಂತು ನೋಡ್ರಿ," ಎಂದ. ಶಬ್ಬೀರ್ ನನ್ನ ಭುಜ ಹಿಂಡಿದ.

ಹಾಡು ಮುಗಿಯಿತು. ಸಾಯಬಣ್ಣ ರೂಢಿಯಂತೆ ಹಿಂದಕ್ಕೆ ತಿರುಗಿಸಲು ಕೈ ಚಾಚಿದ. ಅವನ ಹಳೆಯ ಟೇಪಿನಲ್ಲಿ ಹಾಡಿನ ಮುಂದೆ ಬರೀ ಗುಜುಗುಜು. ಆದರೆ ಈಗ ಆ ಗುಜುಗುಜು ಮಾತಾಗಿತ್ತು.

"ಏ, ಹಾಡಿದಾಕಿ ಹೆಸರ ಹೇಳಿ ಏಳಬೇಕು!" ಎಂದಿತು ಒಂದು ದನಿ. "ಹೂಂ, ಒಡಪ ಹಾಕಿ ಹೇಳಬೇಕು!"

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಕುಬಸದಲ್ಲಿ, ಮದುವೆಯಲ್ಲಿ ಹೆಂಗಸರು ಕೂಡಿ ಕಾಡಿದಾಗ ಮಾತ್ರ ಒಂದು ಒಡಪು ಕಟ್ಟಿ, ಪ್ರಾಸದೊಳಗೆ ಹುದುಗಿಸಿ ಹೇಳುತ್ತಾಳೆ. ಸಾಯಬಣ್ಣನ ಕೈ ಟೇಪಿನ ಮೇಲೆ ಹಾಗೇ ನಿಂತಿತು. ಹಾಡಿದ್ದ ಆ ತುಂಬು ದನಿ ನಕ್ಕು ಹೇಳಿತು:

"ತೊಗರಿ ಹೊಲಕ ಹೂವಿನ ಸಿಂಗಾರ, ಶಿವರಾಯರ ಹೆಸರ ನನ್ನ ಕೊರಳಿನ ಬಂಗಾರ!"

ಹೆಂಗಸರು ಹೋ ಎಂದರು. ಗಾಡಿಯೊಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಶಿವರಾಯ ನನ್ನ ಷಡ್ಡಕ," ಎಂದ ಸಾಯಬಣ್ಣ. ಹೆಂಡತಿಯ ಅಕ್ಕನ ಗಂಡನಿಗೆ ನಾವು ಹಾಗೆನ್ನುತ್ತೇವೆ. "ಇದು ಸುಗಲಾಬಾಯಿ. ಆಕಿ ಅಕ್ಕ." ಅವನು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದು ನೋಡುವಂಥ ನಗೆಯಾಗಿರಲಿಲ್ಲ. "ಇಷ್ಟ್ ವರ್ಷ ಸುಗಲಾಬಾಯಿ ಹಾಡ ಕೇಳಿ ಕಣ್ಣೀರ ಹಾಕೀನಿ ನೋಡ್ರಿ ಕಾಕಾ. ಆಕಿ ಗಂಡಗ ಗೊತ್ತಾದ್ರ ಬಡಿಗಿ ತೊಗೊಂಡ ಬರ್ತಾನ."

ಬಂದ್ ಮಾಡಲು ಹೋದ. ಶಬ್ಬೀರ್ ಕಿಟಕಿಯಿಂದಲೇ ಕೈ ಚಾಚಿ ತಡೆದ. "ಠೈರೋ, ಠೈರೋ. ಮತ್ಯಾರೋ ಮಾತಾಡಾಕತ್ತಾರ."

"ಈಗ ಕುಬಸದಾಕಿ ಹೇಳಬೇಕು! ಏ ಜಯಾ, ಏಳ ಹೇಳ!"

"ನಾ ಒಲ್ಲೆವ್ವಾ," ಎಂದಿತು ಒಂದು ದನಿ. ತಗ್ಗಿದ, ಸ್ವಲ್ಪ ಒಡೆದ ದನಿ. ಹಾಡಿಗೆ ಹತ್ತಿರದ್ದೂ ಅಲ್ಲ.

ಸಾಯಬಣ್ಣ ಮೈ ಬಿಗಿಹಿಡಿದು ಕೂತ. ಇಂಜಿನ್ ಆರಿಸಿದ. ಸೇಡಂ ರಸ್ತೆಯ ಗದ್ದಲ ಹೊರಗೆ ಇತ್ತು. ನಮಗೆ ಅದು ಕೇಳಲಿಲ್ಲ.

"ಒಲ್ಲೆ ಅಂದ್ರ ಬಿಡಂಗಿಲ್ಲ! ನಿನ್ನ ಗಂಡಗ ಹೆಸರಿಲ್ಲೇನು?"

"ಅದ, ಬಿಡ್ರಿ ಯವ್ವಾ. ನಾಚಿಕಿ ಬರ್ತದ."

"ಹೇಳಿದ್ರ ಉಡಿ ತುಂಬತೀವಿ ನೋಡ!"

ಸ್ವಲ್ಪ ಹೊತ್ತು ಬಳೆಯ ಸದ್ದು. ಆಮೇಲೆ ಆ ತಗ್ಗಿದ ದನಿ, ಒಂದೊಂದೇ ಮಾತು ಎತ್ತಿಡುತ್ತಾ:

"ಕೆಂಪ ಸಿಪ್ಪಿ ಒಳಗ ಬಾಳಿಹಣ್ಣಿನ ತಿರಳ... ನನ್ನ ಬಾಳಿಗಿ ನೆರಳ..."

ಟಕ್ ಎಂದಿತು. ಟೇಪು ತುಂಬಿ ನಿಂತಿತು. ಕ್ಯಾಸೆಟ್ಟಿನ ಆ ಮಗ್ಗುಲು ಅಲ್ಲಿಗೆ ಮುಗಿದಿತ್ತು.

ಶಬ್ಬೀರ್ ಮಗ್ಗುಲು ತಿರುವಿ ಹಾಕಿದ. ಆ ಕಡೆ ಯಾವುದೋ ಹಳೆಯ ಸಿನೆಮಾದ ಹಾಡುಗಳು. ಮುಂದೆ ಓಡಿಸಿದ, ಹಿಂದೆ ಓಡಿಸಿದ. ಏನೂ ಇರಲಿಲ್ಲ. ಮತ್ತೆ ಮೊದಲ ಮಗ್ಗುಲಿಗೆ ಬಂದು ಕೊನೆಯನ್ನು ಇನ್ನೊಮ್ಮೆ ಹಚ್ಚಿದ. ನೆರಳ ಎನ್ನುವಲ್ಲಿಗೆ ಬಂದು ಟಕ್ ಎಂದು ನಿಂತಿತು.

"ಸಾಕ ಬಿಡ್ರಿ," ಎಂದ ಸಾಯಬಣ್ಣ. ನನ್ನ ಕಡೆ ನೋಡದೆ ಕೇಳಿದ, "ಕಾಕಾ, ನಿಮ್ಮ ಮನಿ ಶರಣಸಿರಸಗಿ ಕಡೀನ ಅಲ್ರಿ? ಕುಂದರ್ರಿ, ಬಿಡ್ತೀನಿ."

ಬಿಸಿಲು ಇಳಿಯುವ ಹೊತ್ತಿಗೆ ಜಯದೇವಿಯ ತವರಿನ ಮುಂದೆ ಗಾಡಿ ನಿಂತಿತು. ಸುತ್ತ ಹೊಸ ಪ್ಲಾಟುಗಳ ಕಲ್ಲು ನೆಟ್ಟಿದ್ದರು, ಆ ಮನೆ ಮಾತ್ರ ಹಿಂದಿನಂತೆಯೇ ಇತ್ತು. ಅತ್ತೆ ಕಾಶಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಳಿಯನನ್ನು ಕಂಡು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು.

"ಬರ್ರಿ, ಬರ್ರಿ. ಏಸ್ ದಿವಸ ಆತು ಈ ಕಡೆ ಮಾರಿ ತೋರಿಸಿ. ಶಿವಕಾಂತಮ್ಮ ಬೇಸ್ ಅದಾಳ? ಮಕ್ಕಳು?"

"ಎಲ್ಲಾರೂ ಅದಾರ್ರಿ ಅತ್ತಿ." ಅವನು ಕೂಡಲಿಲ್ಲ. ನೀರಿನ ಚೆಂಬು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಅತ್ತಿ, ಕುಬಸದ ದಿನ ಜಯದೇವಿ ಒಂದ ಒಡಪ ಹೇಳಿದ್ಲು. ನಿಮಗ ನೆನಪದ?"

ಮುದುಕಿ ಮೊರವನ್ನು ಕೆಳಗಿಟ್ಟಳು. ಅಂಥ ಪ್ರಶ್ನೆಯನ್ನು ಇಷ್ಟು ವರ್ಷ ಯಾರಾದರೂ ಕೇಳಲೆಂದು ಕಾದಂತೆ, ಒಂದು ಕ್ಷಣವೂ ತಡೆಯದೆ ಹೇಳಿದಳು. "ನೆನಪಿಲ್ದೇನ್ರಿ? ನಾನೇ ಕಲಿಸಿದ್ದು. ಕೆಂಪ ಸಿಪ್ಪಿ ಒಳಗ ಬಾಳಿಹಣ್ಣಿನ ತಿರಳ, ನನ್ನ ಬಾಳಿಗಿ ನೆರಳ..." ಅಲ್ಲಿಗೆ ನಿಲ್ಲಿಸಿದಳು.

"ಮುಂದ?"

"ಮುಂದ ಏನದ್ರಿ? ನಿಮ್ಮ ಹೆಸರು."

"ಹ್ಯಾಂಗ ಅಂದ್ಲು? ಸಾಯಬಣ್ಣ ಅಂದ್ಲೋ, ಸಾಯಬಣ್ಣನವರು ಅಂದ್ಲೋ?"

"ಹೇಳಿದ್ಲು ನೋಡ್ರಿ. ಎಲ್ಲಾರೂ ನಕ್ಕರು."

"ಆಕಿ ಅಂದಂಗ ಒಮ್ಮೆ ನೀವ ಅನ್ರಿ ಅತ್ತಿ."

"ಅಯ್ಯ, ಅಳಿಯಾರ ಹೆಸರ ನನ್ನ ಬಾಯಾಗ ಹ್ಯಾಂಗ ಬರ್ತದ್ರಿ?"

"ಯಾರಿಲ್ಲ ಇಲ್ಲಿ. ಇವ್ರು ನಮ್ಮ ಕಾಕಾ. ಒಮ್ಮೆ ಅನ್ರಿ."

ಕಾಶಮ್ಮ ನನ್ನ ಕಡೆ ನೋಡಿದಳು, ಅವನ ಕಡೆ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಾಯಿ ತೆರೆದಳು. ತುಟಿ ಸಾ ಎನ್ನುವ ಆಕಾರಕ್ಕೆ ಬಂದವು, ಆದರೆ ದನಿ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕುಸಿದು ಕೂತಳು.

"ಬರವಲ್ದೋ ತಮ್ಮಾ," ಎಂದಳು. ಅಳಿಯನಿಗೆ ರೀ ಹಚ್ಚುವುದನ್ನು ಮರೆತಿದ್ದಳು. "ಹುಟ್ಟಿದಾಗಿಂದ ಇಲ್ಲದ್ದು, ಈಗ ಬರವಲ್ದು."

ಹೊಲದಿಂದ ನಾಗಣ್ಣ ಬಂದ. ಅಕ್ಕನ ಗಂಡನನ್ನು ಕಂಡ ಸಂತೋಷ ವಿಷಯ ಕೇಳುತ್ತಲೇ ಇಳಿಯಿತು. ಆ ದಿನ ಟೇಪಿನ ಮುಂದೆ ಕೂತ ಹುಡುಗ ಅವನೇ. "ಕ್ಯಾಸೆಟ್ಟು ತುಂಬಿತು ಮಾಮಾ. ತೆಗದು ತಿರುವಿ ಹಾಕೂದ್ರಾಗ ಅಕ್ಕ ಹೇಳಿ ಮುಗಿಸಿದ್ಲು. ಇನ್ನೊಮ್ಮೆ ಹೇಳ ಅಂದೆ. ಒಮ್ಮೆ ಹೇಳೂದೇ ಹೆಚ್ಚು ಅಂತ ನನ್ನ ತಲಿ ಮ್ಯಾಲ ಹೊಡದು ಒಳಗ ಹೋದ್ಲು."

"ನೀ ಕೇಳಿದ್ಯಾ?"

"ನಾ ಟೇಪಿನಾಗ ಇದ್ದೆ ಮಾಮಾ. ಲಕ್ಷ್ಯ ಕೊಡಲಿಲ್ಲ."

ಸಾಯಬಣ್ಣ ಚೆಂಬಿನ ನೀರನ್ನು ಒಂದೇ ಗುಟುಕಿಗೆ ಕುಡಿದು ಕಟ್ಟೆಯ ಮೇಲಿಟ್ಟ. ಕಾಶಮ್ಮ ಜೋಳದ ರೊಟ್ಟಿ ಉಂಡು ಹೋಗಿರಿ ಎಂದಳು. ಬಾಳಿ ತುಂಬಬೇಕು ಎಂದು ಹೊರಟ. ನನ್ನ ಮನೆಯ ಸಂದಿಯಲ್ಲಿ ನನ್ನನ್ನು ಇಳಿಸುವಾಗ ಮಾತ್ರ ಒಂದು ಮಾತು ಆಡಿದ. "ಕಾಕಾ, ಆಕಿ ನನ್ನ ಏನೂ ಅಂತ ಕರದದ್ದೇ ಇಲ್ರಿ. ರೀ ಅಂತಿದ್ಲು. ಎಲ್ಲಾರಿಗೂ ಅಂತಾರ ಅದನ್ನ." ಬಾಗಿಲು ಹಾಕಿಕೊಂಡು ಹೋದ.

ವಾರ ಕಳೆದು ಬಂದ. ಶಬ್ಬೀರನಿಗೆ, ನನಗೆ, ಇನಾಯತನಿಗೆ ಒಂದೊಂದು ಚಿಪ್ಪು ಕೆಂಪು ಬಾಳೆ ತಂದಿದ್ದ. ಶಬ್ಬೀರ್ ಸ್ಕ್ರೂಡ್ರೈವರು ಹಿಡಿದು ಡಬ್ಬಿ ಬಿಚ್ಚಲು ಹೋದ.

"ತೆಗೀಬ್ಯಾಡ. ತಂತಿ ಹಚ್ಚಿ ಬಿಡು," ಎಂದ ಸಾಯಬಣ್ಣ.

"ಹಾಡ ಕೇಳಸಂಗಿಲ್ಲ ಭಾಯ್."

"ಹಚ್ಚು ಅಂದೆ."

ಅಂದಿನಿಂದ ಕ್ಯಾಸೆಟ್ಟು ಕರವಸ್ತ್ರದೊಳಗೇ ಉಳಿಯಿತು. ಹಾಡು ಇದ್ದಷ್ಟನ್ನು ಬೇರೆ ಕ್ಯಾಸೆಟ್ಟಿಗೆ ತುಂಬಿಸಿ ಸಾಯಬಣ್ಣ ಸುಗಲಾಬಾಯಿಗೆ ಕಳಿಸಿದನೆಂದು ಆಮೇಲೆ ಶಬ್ಬೀರ್ ಹೇಳಿದ. ಅವಳದು ಅವಳಿಗೆ ಹೋಗಲಿ ಎಂದನಂತೆ. ಗಾಡಿಯಲ್ಲಿ ಕೈಗೆ ಸಿಕ್ಕ ಕ್ಯಾಸೆಟ್ಟು ಹಾಕಿ ಡಬ್ಬಿಯನ್ನು ಪೂರ್ತಿ ಬಿಟ್ಟುಕೊಂಡು ಬರುತ್ತಿದ್ದ. ಬಜಾರಿನವರು ಅವನಿಗೆ ಶೋಕಿ ಸಾಯಬಣ್ಣ ಎಂದು ಹೆಸರಿಟ್ಟರು. ವಯಸ್ಸಾಗುತ್ತ ಹುರುಪು ಬಂದಿದೆ ಎಂದು ನಕ್ಕರು. ಅವನು ಮೊಣಕಾಲು ಸ್ಟೇರಿಂಗಿಗೆ ತಾಗಿಸಿಕೊಂಡೇ ವರ್ಷಗಟ್ಟಲೆ ಗಾಡಿ ಹೊಡೆದ.

ಒಮ್ಮೆ ಕಮಲಾಪುರದ ಕಡೆ ಒಂದು ಟ್ರ್ಯಾಕ್ಟರಿನ ಸೀಟಿನ ಅಳತೆಗೆ ಹೋಗಿದ್ದೆ. ಸಾಯಬಣ್ಣನ ಮನೆಯ ಮುಂದೆ ಪಿಕಪ್ಪು ಹೊರಡಲು ಸಿದ್ಧವಾಗಿ ನಿಂತಿತ್ತು. ಒಳಗೆ ಅವನು ಕೂತಿದ್ದ, ಡಬ್ಬಿ ಢಬ್ ಢಬ್ ಎನ್ನುತ್ತಿತ್ತು, ನನ್ನ ಕಾಲ ಕೆಳಗಿನ ಮಣ್ಣು ಕೂಡ ಮಿಡಿಯುತ್ತಿತ್ತು. ಮನೆಯೊಳಗಿಂದ ಶಿವಕಾಂತಮ್ಮ ರೊಟ್ಟಿಯ ಗಂಟು ಹಿಡಿದು ಹೊರಗೆ ಬಂದಳು. ಗಾಡಿಯ ಬಾಗಿಲ ಹತ್ತಿರ ನಿಂತು ಅವನನ್ನು ಕರೆದಳು.

"ರೀ," ಎಂದಳು. "ರೀ, ಕೇಳಾಕತ್ತದೇನ್ರಿ?"

ಅವನು ಮುಂದೆ ರಸ್ತೆಯ ಕಡೆ ನೋಡುತ್ತಿದ್ದ. ಗಾಜು ಏರಿಸಿತ್ತು. ಅವಳು ಮತ್ತೊಮ್ಮೆ ಕರೆದಳು. ಆಮೇಲೆ ಗಾಜಿಗೆ ಬಡಿಯಲೆಂದು ಎತ್ತಿದ ಕೈಯನ್ನು ಇಳಿಸಿ, ರೊಟ್ಟಿಯ ಗಂಟನ್ನು ಹಿಂದೆ ಬಾಳೆಗೊನೆಗಳ ನಡುವೆ, ಒಣ ಎಲೆಯ ಮೇಲೆ ಭದ್ರವಾಗಿ ಇಟ್ಟು, ಒಳಗೆ ಹೋದಳು.